ಮೈನಸ್ 6.9 ಅಂದರೆ ಎಷ್ಟು?

ದಾವಣಗೆರೆ, 16 ಏಪ್ರಿಲ್ 2025, ಬುಧವಾರ

ಲ್ಯಾಬಿನ ಪ್ರೋಟೋಕಾಲ್ ಹಾಳೆಯಲ್ಲಿ "ರೂಮ್ ಟೆಂಪರೇಚರಿನಲ್ಲಿ 10 ನಿಮಿಷ ಇಡಿ" ಅಂತ ಇರುತ್ತದೆ. ಅದನ್ನು ಬರೆದವರ ಲೆಕ್ಕದಲ್ಲಿ ಅದು 20–25 ಡಿಗ್ರಿ. ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯಲ್ಲಿ ಏಸಿ ಇಲ್ಲದ ಕೋಣೆಯ ಮೇಜು 35 ದಾಟಿರುತ್ತದೆ. ತನ್ನ ಮೇಲೇ ಮಡಚಿಕೊಳ್ಳುವ ಎಳೆಯಾದ ಆರ್‌ಎನ್‌ಎ ಮಟ್ಟಿಗೆ ಈ ಹತ್ತು ಡಿಗ್ರಿ ಬಹಳ ದೊಡ್ಡದು. ಲಿಸ್ಟೀರಿಯಾ ಬ್ಯಾಕ್ಟೀರಿಯಾದ ಪಿಆರ್‌ಎಫ್‌ಎ ಜೀನನ್ನೇ ನೋಡಿ: ಅದರ ಎಂಆರ್‌ಎನ್‌ಎ (ಜೀನಿನ ಸಂದೇಶ ಹೊತ್ತ ಆರ್‌ಎನ್‌ಎ) 30 ಡಿಗ್ರಿಯಲ್ಲಿ ಮಡಚಿಕೊಂಡು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಕೂರುವ ಜಾಗವನ್ನು ಮುಚ್ಚಿಡುತ್ತದೆ, 37ಕ್ಕೆ ಬಂದರೆ ಬಿಟ್ಟುಕೊಡುತ್ತದೆ. ಏಳೇ ಡಿಗ್ರಿಯಲ್ಲಿ ಅನುವಾದ, ಅಂದರೆ ಪ್ರೋಟೀನ್ ತಯಾರಿ, ಶುರು. ಹಾಗಾಗಿ ಮಡಿಕೆಯ ಶಕ್ತಿ (ಮೈನಸ್ ಹೆಚ್ಚಿದಷ್ಟೂ ಮಡಿಕೆ ಗಟ್ಟಿ) ಇಷ್ಟು ಅಂತ ಬರೆಯುವಾಗ ಪಕ್ಕದಲ್ಲೇ ಉಷ್ಣತೆ, ಉಪ್ಪು, ಸಾಂದ್ರತೆ ಮೂರನ್ನೂ ಬರೆಯಬೇಕು.

ಹದಿನಾಲ್ಕು ಅಕ್ಷರದ ಒಂದು ಹೇರ್‌ಪಿನ್ ತೆಗೆದುಕೊಳ್ಳೋಣ: ಜಿ ಜಿ ಸಿ ಎ ಸಿ – ಎ ಎ ಎ ಎ – ಜಿ ಯು ಜಿ ಸಿ ಸಿ. ಎಳೆ ಹಿಂದಕ್ಕೆ ಬಾಗಿ ಮೊದಲ ಐದು ಕೊನೆಯ ಐದರ ಜೊತೆ ಸೇರಿದರೆ (ಜಿಗೆ ಸಿ, ಎಗೆ ಯು) ಕಾಂಡ, ನಡುವಿನ ನಾಲ್ಕು ಎ ಕುಣಿಕೆ. ವಿಯೆನ್ನಾ ಆರ್‌ಎನ್‌ಎ ಪ್ಯಾಕೇಜಿನಲ್ಲಿ ಮಡಿಕೆ ಲೆಕ್ಕ ಹಾಕುವ ಪ್ರೋಗ್ರಾಮಾದ ಆರ್‌ಎನ್‌ಎಫೋಲ್ಡ್‌ಗೆ ಇದನ್ನು ಕೊಟ್ಟರೆ ಐದು ತೆರೆದ ಕಂಸ, ನಾಲ್ಕು ಚುಕ್ಕಿ, ಐದು ಮುಚ್ಚಿದ ಕಂಸ, ಪಕ್ಕದಲ್ಲಿ ಮೈನಸ್ 6.9. ಈ ಸಂಖ್ಯೆಯನ್ನು ಒಮ್ಮೆಯಾದರೂ ಕೈಯಲ್ಲೇ ಕೂಡಿ ನೋಡಬೇಕು, ಆಮೇಲೆ ಸಾಫ್ಟ್‌ವೇರ್ ಕೊಡುವ ಯಾವ ಉತ್ತರವೂ ಮಂತ್ರದ ಹಾಗೆ ಕಾಣುವುದಿಲ್ಲ. ಪ್ರೋಗ್ರಾಮ್ ಬಳಸುವ ಶಕ್ತಿಗಳ ಪಟ್ಟಿಗೆ ಟರ್ನರ್ ಪಟ್ಟಿ ಅಂತ ಹೆಸರು; ಅದರಲ್ಲಿ ಬೆಲೆ ಕಟ್ಟಿರುವುದು ಒಂಟಿ ಜೋಡಿಗಲ್ಲ, ಜೋಡಿಯ ಮೇಲೆ ಕೂತ ಜೋಡಿಗೆ. ಐದು ಜೋಡಿಗೆ ನಾಲ್ಕು ಪೇರಿಕೆ: ಜಿಜಿ ಮೈನಸ್ 3.3, ಜಿಸಿ ಮೈನಸ್ 3.4, ಸಿಎ ಮೈನಸ್ 2.1, ಎಸಿ ಮೈನಸ್ 2.2. ಒಟ್ಟು ಮೈನಸ್ 11.0. ಎಳೆಯನ್ನು ಬಾಗಿಸಿ ಕುಣಿಕೆ ಮಾಡಲು ದಂಡ ತೆರಬೇಕು, ನಾಲ್ಕಕ್ಷರಕ್ಕೆ ಪ್ಲಸ್ 5.6. ಕುಣಿಕೆಯ ಬುಡದಲ್ಲಿ ಸಿ-ಜಿ ಜೋಡಿಗೆ ಎರಡು ಎ ಒರಗಿಕೊಳ್ಳುವುದರಿಂದ ಮೈನಸ್ 1.5 ವಾಪಸ್ ಸಿಗುತ್ತದೆ. ಅಲ್ಲಿಗೆ ಮೋಲ್‌ಗೆ ಮೈನಸ್ 6.9 ಕಿಲೋಕ್ಯಾಲರಿ. 37 ಡಿಗ್ರಿಯಲ್ಲಿ ಆರ್‌ಟಿ (ಅನಿಲ ಸ್ಥಿರಾಂಕ ಗುಣಿಸು ಕೆಲ್ವಿನ್ ಉಷ್ಣತೆ) 0.616, ಅದರಿಂದ 6.9ನ್ನು ಭಾಗಿಸಿ ಇ-ಯ ಘಾತಕ್ಕೇರಿಸಿದರೆ ಬಿಚ್ಚಿಕೊಂಡ ಒಂದು ಅಣುವಿಗೆ ಮಡಚಿದವು ಸುಮಾರು 70 ಸಾವಿರ. ಪಟ್ಟಿಯ ಅಂಕಿಗಳೆಲ್ಲ 1 ಮೋಲಾರ್ ಸೋಡಿಯಂ ಕ್ಲೋರೈಡ್ ಮತ್ತು 37 ಡಿಗ್ರಿಗೆ ಸೇರಿದವು. ಬೇರೆ ಉಷ್ಣತೆ ಬೇಕಿದ್ದರೆ ಪ್ರೋಗ್ರಾಮಿಗೆ ಹೇಳಬೇಕು, ಹೇಳದಿದ್ದರೆ ಅದು 37 ಅಂತಲೇ ಹಿಡಿಯುತ್ತದೆ.

ಉದ್ದದ ಆರ್‌ಎನ್‌ಎಗೆ ಬಂದಾಗ ಎಚ್ಚರ ಹೆಚ್ಚು ಬೇಕು. 1981ರಲ್ಲಿ ಜೂಕರ್ ಮತ್ತು ಸ್ಟೀಗ್ಲರ್ ಕೊಟ್ಟ ವಿಧಾನ ಅತಿ ಕಡಿಮೆ ಶಕ್ತಿಯ ಒಂದೇ ರಚನೆಯನ್ನು ಹುಡುಕುತ್ತದೆ. ಅದಕ್ಕಿಂತ ಅರ್ಧ ಕಿಲೋಕ್ಯಾಲರಿ ಮಾತ್ರ ಮೇಲಿರುವ ನೂರಾರು ರಚನೆಗಳಿದ್ದರೂ ಅವು ಚಿತ್ರದಲ್ಲಿ ಕಾಣುವುದಿಲ್ಲ. ಮೆಕಾಸ್ಕಿಲ್ 1990ರಲ್ಲಿ ಕೊಟ್ಟ ಪಾರ್ಟಿಷನ್ ಫಂಕ್ಷನ್ ಎಲ್ಲವನ್ನೂ ತೂಗಿ ಪ್ರತಿ ಜೋಡಿಯ ಸಂಭವನೀಯತೆ ಹೇಳುತ್ತದೆ. ಈ ಸಂಭವನೀಯತೆ ಕೊಡುವ ಪಿ ಆಯ್ಕೆ ಹಾಕದೆ ಆರ್‌ಎನ್‌ಎಫೋಲ್ಡ್ ಓಡಿಸಲೇಬೇಡಿ. ಸಂಭವನೀಯತೆ 0.5ಕ್ಕಿಂತ ಕೆಳಗಿರುವ ಕಾಂಡವನ್ನು ಪೋಸ್ಟರಿನಲ್ಲಿ ಗಟ್ಟಿ ಗೆರೆಯಲ್ಲಿ ಬರೆಯಬೇಡಿ. ಉದ್ದ ಎರಡು ಪಟ್ಟಾದರೆ ಸಮಯ ಎಂಟು ಪಟ್ಟು, ಆದರೂ ಸಾವಿರ ಅಕ್ಷರಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಕುಣಿಕೆಯ ಅಕ್ಷರಗಳು ಕಾಂಡದ ಹೊರಗಿನ ಅಕ್ಷರಗಳ ಜೊತೆ ಜೋಡಿಯಾಗುವ ಸ್ಯೂಡೋನಾಟ್‌ಗಳು ಈ ಲೆಕ್ಕದ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಮೇಜಿನ ಕೆಲಸ. ಅದೇ ಹೇರ್‌ಪಿನ್ನನ್ನು ಕರಗಿಸಿ ನೋಡುವುದು, ಅಂದರೆ ನಿಧಾನವಾಗಿ ಬಿಸಿ ಮಾಡಿ ಮಡಿಕೆ ಬಿಚ್ಚುತ್ತಾ ಅದು 260 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವುದು. ಬಫರ್: 1 ಮೋಲಾರ್ ಸೋಡಿಯಂ ಕ್ಲೋರೈಡ್, 10 ಮಿಲಿಮೋಲಾರ್ ಸೋಡಿಯಂ ಕ್ಯಾಕೋಡೈಲೇಟ್, 0.5 ಮಿಲಿಮೋಲಾರ್ ಇಡಿಟಿಎ, ಪಿಎಚ್ 7. ಕ್ಯಾಕೋಡೈಲೇಟಿನಲ್ಲಿ ಆರ್ಸೆನಿಕ್ ಇದೆ, ಕೈಗವಸು ಕಡ್ಡಾಯ, ಉಳಿದದ್ದನ್ನು ಸಿಂಕಿಗೆ ಸುರಿಯುವಂತಿಲ್ಲ. ಟ್ರಿಸ್ ಬಫರ್ ಬೇಡ: ಡಿಗ್ರಿಗೆ ಸುಮಾರು 0.03ರಂತೆ ಅದರ ಪಿಎಚ್ ಇಳಿಯುತ್ತದೆ, 15ರಿಂದ 95ಕ್ಕೆ ಹೋಗುವಷ್ಟರಲ್ಲಿ ಎರಡು ಅಂಕಕ್ಕಿಂತ ಹೆಚ್ಚು. ಮೆಗ್ನೀಸಿಯಂ ಕೂಡ ಬೇಡ, ಬಿಸಿಯಲ್ಲಿ ಅದು ಎಳೆಯನ್ನೇ ಕತ್ತರಿಸುತ್ತದೆ. ನಮ್ಮ ಕಡೆಯ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ತುಂಬಿರುತ್ತವೆ, ಡಿಸ್ಟಿಲೇಷನ್ ಘಟಕದ ಪೈಪಿನಲ್ಲಿ ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಕೂತಿರಬಹುದು. ನೀರಿಗೆ ಆ ಕಿಣ್ವವನ್ನು ಕೆಡಿಸುವ ಡಿಇಪಿಸಿಯನ್ನು 0.1% ಹಾಕಿ ರಾತ್ರಿಯಿಡೀ ಬಿಟ್ಟು ಆಟೋಕ್ಲೇವ್ ಮಾಡಿದರೆ ಕ್ಷೇಮ. ಬೆವರಿನ ಕೈಯಲ್ಲಿ ಆರ್‌ಎನ್‌ಏಸ್ ಧಾರಾಳ. ಸೆಖೆಗೆ ಗ್ಲೌಸ್ ಆಗಾಗ ಬದಲಿಸುವುದು ಸೋಮಾರಿತನ ಬಿಟ್ಟು ಮಾಡಬೇಕಾದ ಕೆಲಸ.

ಆರ್‌ಎನ್‌ಎಯನ್ನು ಕೆಲವೇ ಮೈಕ್ರೋಮೋಲಾರ್‌ನಲ್ಲಿ, ಉಪ್ಪು ಹಾಕುವ ಮೊದಲೇ, 95 ಡಿಗ್ರಿಯಲ್ಲಿ 2 ನಿಮಿಷ ಕಾಯಿಸಿ ತಕ್ಷಣ ಐಸಿಗೆ ಇಳಿಸಿ. ನಿಧಾನವಾಗಿ ತಣಿಸಿದರೆ, ಅದರಲ್ಲೂ ದ್ರಾವಣ ಗಟ್ಟಿ ಇದ್ದರೆ, ಎರಡು ಎಳೆ ಒಂದನ್ನೊಂದು ತಬ್ಬಿ ಡ್ಯೂಪ್ಲೆಕ್ಸ್ ಆಗುತ್ತವೆ, ನಾಲ್ಕು ಎ ಎದುರುಬದುರು ನಿಂತು ನಡುವೆ ಬಾಯಿ ತೆರೆದಿರುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ: ಆರ್‌ಎನ್‌ಎ ಸಾಂದ್ರತೆಯನ್ನು 50 ಪಟ್ಟು ಹೆಚ್ಚಿಸಿ. ಕರಗುವ ಬಿಂದು (ಅರ್ಧ ಅಣುಗಳು ಬಿಚ್ಚಿಕೊಂಡಿರುವ ಉಷ್ಣತೆ) ಕದಲದಿದ್ದರೆ ಹೇರ್‌ಪಿನ್, ಮೇಲೆ ಸರಿದರೆ ಡ್ಯೂಪ್ಲೆಕ್ಸ್. ಈ ಒಂದು ಪರೀಕ್ಷೆ ಬಿಟ್ಟ ಕಾರಣಕ್ಕೇ ಎಷ್ಟೋ ಕರ್ವ್‌ಗಳು ಕೆಲಸಕ್ಕೆ ಬಾರದೆ ಹೋಗುತ್ತವೆ.

ದ್ರಾವಣದ ಗಾಳಿ ತೆಗೆಯದಿದ್ದರೆ 70 ಡಿಗ್ರಿಯ ಮೇಲೆ ಕ್ಯೂವೆಟ್ಟಿನ ಗೋಡೆಗೆ ಗುಳ್ಳೆ ಅಂಟಿ ರೀಡಿಂಗ್ ಕುಣಿಯುತ್ತದೆ. ಮೇಲೆ ಒಂದು ಪದರ ಮಿನರಲ್ ಆಯಿಲ್ ಹಾಕಿದರೆ ಆವಿಯಾಗುವುದು ನಿಲ್ಲುತ್ತದೆ. ನಿಮಿಷಕ್ಕೆ 0.5 ಡಿಗ್ರಿಯಂತೆ 15ರಿಂದ 95ಕ್ಕೆ ಏರಲು 160 ನಿಮಿಷ, ಇಳಿಯಲು ಅಷ್ಟೇ. ಎರಡೂ ಗೆರೆ ಒಂದರ ಮೇಲೊಂದು ಕೂರಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಕರ್ವನ್ನು ಇನ್ನರ್ಧಕ್ಕೆ ಹೊಲಿಯಬೇಡಿ, ಹೊಸ ಸ್ಯಾಂಪಲ್ ಹಾಕಿ. ಯುಪಿಎಸ್ ಐದೂವರೆ ಗಂಟೆ ತಾಳುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಈ ಹೇರ್‌ಪಿನ್ 1 ಮೋಲಾರ್ ಉಪ್ಪಿನಲ್ಲಿ 80 ಡಿಗ್ರಿ ದಾಟಿದ ಮೇಲೆ ಕರಗುತ್ತದೆ, ಆದ್ದರಿಂದ ಮೇಲಿನ ಬೇಸ್‌ಲೈನ್ (ಎಲ್ಲ ಬಿಚ್ಚಿದ ಮೇಲೆ ಬರುವ ನೇರ ಗೆರೆ) ಸರಿಯಾಗಿ ಸಿಗುವುದಿಲ್ಲ. ಬೇಸ್‌ಲೈನ್ ಇಲ್ಲದೆ ಫಿಟ್ ಮಾಡಿದ ಎಂಥಾಲ್ಪಿಯನ್ನು (ಮಡಿಕೆ ಬಿಚ್ಚಲು ಬೇಕಾದ ಶಾಖವನ್ನು) ನಂಬಬಾರದು. ಕಡಿಮೆ ಉಷ್ಣತೆಯಲ್ಲೇ ಕರಗುವಂತೆ ಉಪ್ಪನ್ನು 50 ಮಿಲಿಮೋಲಾರಿಗೆ ಇಳಿಸಿ ಇನ್ನೊಂದು ಕರ್ವ್ ತೆಗೆಯಿರಿ.

ಅನುವಾದಕ್ಕೆ ಇದರ ನೇರ ಸಂಬಂಧವನ್ನು 1990ರಲ್ಲಿ ಡೆ ಸ್ಮಿಟ್ ಮತ್ತು ವಾನ್ ಡುಯಿನ್ ಎಂಎಸ್2 ಫೇಜಿನ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಕೋಟ್ ಪ್ರೋಟೀನ್ ಜೀನಿನಲ್ಲಿ ಅಳೆದು ತೋರಿಸಿದರು. ರೈಬೋಸೋಮ್ ಕೂರುವ ಜಾಗದ ಹೇರ್‌ಪಿನ್ ಮೈನಸ್ 6ರವರೆಗೆ ಇದ್ದರೆ ತೊಂದರೆ ಇಲ್ಲ. ಅಲ್ಲಿಂದ ಮುಂದೆ ಪ್ರತಿ 1.4 ಕಿಲೋಕ್ಯಾಲರಿಗೆ ಪ್ರೋಟೀನ್ ಹತ್ತು ಪಟ್ಟು ಇಳಿಯುತ್ತದೆ. ನಮ್ಮ ಹೇರ್‌ಪಿನ್ ಹೊಸ್ತಿಲ ಮೇಲೇ ನಿಂತಿದೆ. ಬುಡಕ್ಕೆ ಇನ್ನೊಂದು ಜಿ-ಸಿ ಜೋಡಿ ಸೇರಿಸಿದರೆ ಮೈನಸ್ 10.2, ಅಂದರೆ ಇನ್ನೂ 200 ಪಟ್ಟಿಗಿಂತ ಹೆಚ್ಚು ಇಳಿಕೆ, ಎರಡೇ ಅಕ್ಷರಕ್ಕೆ! ಲೆಕ್ಕದಲ್ಲಿ ಅರ್ಧ ಕಿಲೋಕ್ಯಾಲರಿ ತಪ್ಪಿದರೂ ಎರಡು ಪಟ್ಟು ವ್ಯತ್ಯಾಸ. ಜೀನಿನ ನಡುವೆ ಇದೇ ಹೇರ್‌ಪಿನ್ ಇದ್ದರೆ ಅಷ್ಟು ಹಾನಿಯಿಲ್ಲ, ಓಡುತ್ತಿರುವ ರೈಬೋಸೋಮ್ ಮೂರು ಮೂರು ಅಕ್ಷರ ಸರಿಯುತ್ತಾ ತಾನೇ ಬಿಚ್ಚಿಕೊಂಡು ಹೋಗುತ್ತದೆ. 2009ರಲ್ಲಿ ಕುಡ್ಲಾ ಮತ್ತು ಸಂಗಡಿಗರು ಒಂದೇ ಪ್ರೋಟೀನ್ ಕೊಡುವ 154 ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೀನುಗಳನ್ನು ಹೋಲಿಸಿದಾಗ ಇಳುವರಿ 250 ಪಟ್ಟು ಬದಲಾಯಿತು, ಅದರಲ್ಲಿ ದೊಡ್ಡ ಪಾಲನ್ನು ವಿವರಿಸಿದ್ದು ಅನುವಾದ ಶುರುವಾಗುವ ಜಾಗದ ಸುತ್ತಲಿನ, ಅಂದರೆ 4 ಅಕ್ಷರ ಹಿಂದಿನಿಂದ 37 ಅಕ್ಷರ ಮುಂದಿನವರೆಗಿನ ತುಂಡಿನ ಮಡಿಕೆ. ಜೀನು ಹೊತ್ತ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್ ಆರ್ಡರ್ ಮಾಡುವ ಮೊದಲು ನಿಮ್ಮ ಜೀನಿನ ಆ ತುಂಡನ್ನು, ಪಕ್ಕದಲ್ಲಿ ಬರುವ ವೆಕ್ಟರಿನ (ಜೀನು ಸೇರಿಸುವ ಡಿಎನ್‌ಎಯ) ಅಕ್ಷರಗಳ ಸಮೇತ 30ರಲ್ಲೊಮ್ಮೆ, 37ರಲ್ಲೊಮ್ಮೆ ಓಡಿಸಿ ಎರಡೂ ಅಂಕಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ.