ಇರುವೆ ಮುತ್ತಿದ ಬ್ಲಾಕು

ಪಾಂಡವಪುರದ ಹತ್ತಿರ ಒಂದು ಮನೆಗೆ ಮಣ್ಣಿನ ಬ್ಲಾಕ್ ಒತ್ತಿಸುವ ಕೆಲಸ ನನ್ನ ಉಸ್ತುವಾರಿಯಲ್ಲಿತ್ತು. ಕೆಮ್ಮಣ್ಣು, ಮರಳು, ನೂರಕ್ಕೆ 7ರಷ್ಟು ಸಿಮೆಂಟು, ಕೈಯಲ್ಲಿ ಎಳೆಯುವ ಪ್ರೆಸ್ಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ಟ್ರಾ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ನಮ್ಮ ಕಡೆ ಬೆಳೆಸಿದ ಪದ್ಧತಿಯಿದು. ಮನೆಯ ಅಕ್ಕನಿಗೆ ಇದ್ದದ್ದು ಒಂದೇ ಭಯ: ಮಣ್ಣಿನ ಗೋಡೆ ಬಿರುಕು ಬಿಟ್ಟರೆ? "ನಾರು ಸೇರಿಸ್ತೀವಿ, ಬಿರುಕೇ ಬರಲ್ಲ" ಅಂದುಬಿಟ್ಟೆ.

ಪಕ್ಕದಲ್ಲೇ ಆಲೆಮನೆ. ಒಲೆಗೆ ಹಾಕಿ ಮಿಕ್ಕಿದ ಕಬ್ಬಿನ ಸಿಪ್ಪೆಯನ್ನು ಪುಕ್ಕಟೆ ಕೊಟ್ಟರು. ಕತ್ತರಿಸಿ ಕಲಸಿ, ಒಂದು ದಿನದ ಬ್ಲಾಕುಗಳನ್ನೆಲ್ಲ ಅದರಲ್ಲೇ ಒತ್ತಿಸಿದೆ. ಮೂರನೇ ದಿನವೂ ಉಗುರಿನಲ್ಲಿ ಕೆರೆದರೆ ಅಂಚು ಉದುರುತ್ತಿತ್ತು. ಸಿಮೆಂಟು ಹಳೆಯದಿರಬೇಕು ಅಂದುಕೊಂಡೆ. ಮೇಸ್ತ್ರಿ ಬ್ಲಾಕಿನ ಸಾಲಿನ ಬುಡ ತೋರಿಸಿ, "ನೋಡಿ ಸಾ, ಇರುವೆ ಮುತ್ಕಂಡವೆ" ಅಂದರು. ಸಿಪ್ಪೆಯಲ್ಲಿ ಉಳಿದಿದ್ದ ಸಕ್ಕರೆ! ಸಕ್ಕರೆ ಚೂರು ಸೇರಿದರೂ ಸಿಮೆಂಟು ಸೆಟ್ಟಾಗಲು ತಡವಾಗುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದೆ. ಕಬ್ಬಿನ ಸೀಮೆಯಲ್ಲಿ ನಿಂತು ಅದನ್ನೇ ಮರೆತಿದ್ದೆ. ಆ ಬ್ಲಾಕುಗಳನ್ನು ಪುಡಿ ಮಾಡಿ ಅಂಗಳದ ತಗ್ಗಿಗೆ ತುಂಬಿಸಿದೆವು.

ಆಮೇಲೆ ತೆಂಗಿನ ನಾರು. ತೊಳೆದು ಒಣಗಿಸಿ, ಒಂದೂವರೆ ಇಂಚಿಗೆ ಕತ್ತರಿಸಿ, ಒಣ ಮಣ್ಣಿಗೇ ಕೈಯಲ್ಲಿ ಬಿಡಿಸಿ ಉದುರಿಸಬೇಕು. ನೀರು ಬಿದ್ದ ಮೇಲೆ ಹಾಕಿದರೆ ಉಂಡೆ ಕಟ್ಟುತ್ತದೆ, ಉಂಡೆಯಿದ್ದ ಕಡೆ ಬ್ಲಾಕು ಟೊಳ್ಳು. ನೂರು ಕೆಜಿ ಮಿಶ್ರಣಕ್ಕೆ ಅರ್ಧ ಕೆಜಿ ನಾರು ಹಾಕಿದೆವು. ಒಂದು ಸಲ ಅದರ ಎರಡರಷ್ಟು ಹಾಕಿ ನೋಡಿದೆ. ಅಚ್ಚಿನಿಂದ ತೆಗೆದ ತಕ್ಷಣ ಬ್ಲಾಕು ಸ್ಪ್ರಿಂಗಿನ ಹಾಗೆ ಉಬ್ಬಿ ಮೂಲೆ ಬಿರಿಯಿತು.

28 ದಿನ ಕಳೆದ ಮೇಲೆ ಮೈಸೂರಿನ ಒಂದು ಲ್ಯಾಬಿನಲ್ಲಿ ಒಡೆಸಿದೆವು. ನಾರಿನ ಬ್ಲಾಕು ತಡೆದ ಭಾರ ಬರೀ ಮಣ್ಣಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ನನಗೆ ಮುಖ ಸಪ್ಪಗಾಯಿತು. ಆದರೆ ಒಡೆದ ರೀತಿಯೇ ಬೇರೆ. ಬರೀ ಮಣ್ಣಿನದು ಟಪ್ಪನೆ ಸೀಳಿ ಕೆಳಗೆ ಬಿತ್ತು. ನಾರಿನದರ ಮೈಮೇಲೆ ಕೂದಲೆಳೆಯಂಥ ಬಿರುಕುಗಳೆದ್ದವು, ಕೈಯಲ್ಲೆತ್ತಿದರೂ ಹೋಳುಗಳು ಬಿಟ್ಟುಕೊಳ್ಳಲಿಲ್ಲ. ಎಳೆದು ಬಿಡಿಸಿ ನೋಡಿದೆ: ಬಹಳಷ್ಟು ನಾರು ತುಂಡಾಗಿರಲಿಲ್ಲ, ಬೇರಿನ ಹಾಗೆ ಮಣ್ಣಿನಿಂದ ಕಿತ್ತುಬಂದಿತ್ತು. ಹಸಿಯಲ್ಲಿ ನೀರು ಕುಡಿದು ಉಬ್ಬುವ ನಾರು ಒಣಗಿದಾಗ ಕುಗ್ಗುತ್ತದೆ, ಸುತ್ತಲಿನ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಆ ಸಡಿಲದಲ್ಲೂ ಜಾರುತ್ತಾ ಜಾರುತ್ತಾ ಅದು ಬಿರುಕನ್ನು ಹಿಡಿದಿತ್ತು. ನಾರಿನ ಕೆಲಸ ಶುರುವಾಗುವುದೇ ಬಿರುಕು ಬಿಟ್ಟ ಮೇಲೆ.

ಅವತ್ತು ಸಂಜೆಯೇ ಹೋಗಿ ಹೇಳಿದೆ. "ಅಕ್ಕ, ಬಿರುಕೇ ಬರಲ್ಲ ಅಂದಿದ್ದು ತಪ್ಪು. ಬರಬಹುದು. ಬಂದ್ರೆ ನಾರು ಅದನ್ನ ಸುಲಭಕ್ಕೆ ಅಗಲ ಆಗೋಕೆ ಬಿಡಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಕಟ್ಟಪ್ಪ" ಅಂದರು.

ಗೋಡೆ ಎರಡು ಬೇಸಿಗೆ ಕಂಡಿದೆ. ಪಡುವಣ ಕಿಟಕಿಯ ಮೂಲೆಯಲ್ಲಿ ಒಂದು ಸಣ್ಣ ಬಿರುಕಿದೆ. ಹೋದಾಗಲೆಲ್ಲ ಅದರ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತೇನೆ. ಈಚಿನ ಮೂರು ತಾರೀಖು ಒಂದೇ ಗೆರೆಯ ಪಕ್ಕದಲ್ಲಿವೆ.