ಓದು ಮುಗಿದ ಮೇಲಿನ ಬ್ರಿಟನ್ ವೀಸಾ

ಮಕ್ಕಳನ್ನು ಸ್ನಾತಕೋತ್ತರ ಓದಿಗೆ ಬ್ರಿಟನ್ನಿಗೆ ಕಳುಹಿಸುವ ಪರಿಚಿತರು ನನ್ನೊಡನೆ ಹೆಚ್ಚಾಗಿ ಚರ್ಚಿಸುವುದು ಕಾಲೇಜಿನ ಶುಲ್ಕವನ್ನು. ಓದಿನ ನಂತರದ ವೀಸಾವನ್ನೂ ಅವರು ಅಷ್ಟೇ ಎಚ್ಚರದಿಂದ ನೋಡಬೇಕೆಂಬುದು ನನ್ನ ಕಳಕಳಿ. ಅಲ್ಲಿನ ಸರ್ಕಾರ 2012ರಲ್ಲಿ ನಿಲ್ಲಿಸಿದ್ದ ಈ ಸೌಲಭ್ಯ 2021ರ ಜುಲೈ 1ರಂದು ‘ಗ್ರಾಜುಯೇಟ್’ ವೀಸಾದ ರೂಪದಲ್ಲಿ ಮರಳಿತು. ಯಾವ ಕಂಪನಿಯ ಪ್ರಾಯೋಜಕತ್ವವೂ ಇಲ್ಲದೆ ಪದವೀಧರರು ಎರಡು ವರ್ಷ, ಪಿಎಚ್‌.ಡಿ. ಪಡೆದವರು ಮೂರು ವರ್ಷ ಅಲ್ಲಿ ದುಡಿಯಬಹುದು. ಆದರೆ 2027ರ ಜನವರಿ 1ರಿಂದ ಅರ್ಜಿ ಸಲ್ಲಿಸುವವರಿಗೆ, ಪಿಎಚ್‌.ಡಿ.ಯವರನ್ನು ಹೊರತುಪಡಿಸಿ, ಅವಧಿ 18 ತಿಂಗಳಿಗೆ ಇಳಿಯಲಿದೆ.

ನಿಜವಾದ ಕಷ್ಟ ಇರುವುದು ಆಮೇಲೆ. ಈ ವೀಸಾವನ್ನು ವಿಸ್ತರಿಸಲಾಗದು. ಉಳಿಯಬೇಕೆಂದರೆ ಸಾಮಾನ್ಯವಾಗಿ ‘ಸ್ಕಿಲ್ಡ್ ವರ್ಕರ್’ ವೀಸಾಕ್ಕೆ ಬದಲಾಗಬೇಕು, ಅದಕ್ಕೆ ಪ್ರಾಯೋಜಕ ಪರವಾನಗಿಯುಳ್ಳ (ವಿದೇಶಿಯರನ್ನು ನೇಮಿಸಿಕೊಳ್ಳಲು ಸರ್ಕಾರದ ಅನುಮತಿ ಪಡೆದ) ಉದ್ಯೋಗದಾತರು ಬೇಕು. 2025ರ ಜುಲೈನಲ್ಲಿ ಅದಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ವೇತನ ವರ್ಷಕ್ಕೆ 41,700 ಪೌಂಡಿಗೆ ಏರಿತು. ಹೊಸದಾಗಿ ವೃತ್ತಿಗೆ ಬರುವವರಿಗೆ ರಿಯಾಯಿತಿ ಇದ್ದರೂ ಅದು ಕೆಲವೇ ವರ್ಷಗಳದ್ದು, ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಆ ವರ್ಷಗಳ ಲೆಕ್ಕದಲ್ಲೇ ಸೇರುತ್ತದೆ. ಸಾಲದ ಕಂತಿಗೆಂದು ಅಂಗಡಿಯಲ್ಲೋ ಗೋದಾಮಿನಲ್ಲೋ ಕೆಲಸ ಹಿಡಿಯುವುದು ತಪ್ಪಲ್ಲ, ಅದರಲ್ಲಿ ಅವಮಾನವೂ ಇಲ್ಲ. ಆದರೆ ಅದರಲ್ಲಿಯೇ ಅವಧಿ ಕರಗಿಹೋದರೆ ವೀಸಾ ಬದಲಿಸುವ ದಾರಿ ಮುಚ್ಚುತ್ತದೆ. ಹಾಗಾಗಿ ಪರವಾನಗಿಯುಳ್ಳ ಸಂಸ್ಥೆಗಳ ಪಟ್ಟಿಯನ್ನು ಸರ್ಕಾರದ ಜಾಲತಾಣದಲ್ಲಿ ನೋಡಿ, ಓದಿನ ಮೊದಲ ತಿಂಗಳುಗಳಲ್ಲಿಯೇ ಹುಡುಕಾಟ ಆರಂಭಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನೊಂದು ಮಾತು: ವಿದ್ಯಾರ್ಥಿ ವೀಸಾ ಮುಗಿಯುವ ಮುನ್ನ ಬ್ರಿಟನ್ನಿನಲ್ಲಿದ್ದುಕೊಂಡೇ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಬೇಕು. ತೀರ್ಮಾನ ಬರುವ ಮೊದಲು ಅಕ್ಕನ ಮದುವೆಗೆಂದು ಊರಿಗೆ ಬಂದರೂ ಅರ್ಜಿಯನ್ನು ಹಿಂಪಡೆದಂತೆಯೇ ಪರಿಗಣಿಸುತ್ತಾರೆ.