ಮ್ಯಾಗ್ನೆಟ್ ನೋಡೋಕೆ ರಿಯಾಕ್ಟರ್ ಯಾಕೆ ಬೇಕು?

ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಕೇಳೋದು ಇದನ್ನೇ: "ಅಲ್ಲ ಕಣೋ, ಒಂದು ಹರಳಲ್ಲಿ ಮ್ಯಾಗ್ನೆಟ್ ಗುಣ ಇದೆಯಾ ಅಂತ ನೋಡೋಕೆ ರಿಯಾಕ್ಟರ್ ತನಕ ಹೋಗ್ಬೇಕಾ, ಲ್ಯಾಬಲ್ಲೇ ಆಗಲ್ವಾ?" ಫ್ರೆಂಡ್ಸೂ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಗುಣ ಇದೆಯಾ ಅಂತ ನೋಡೋಕೆ ಲ್ಯಾಬ್ ಸಾಕು. ಆದ್ರೆ ಅಲ್ಲಿ ಸಿಗೋದು ಇಡೀ ಹರಳಿನ ಒಟ್ಟು ಲೆಕ್ಕ, ಒಳಗೆ ಯಾವ ಪರಮಾಣುವಿನ ಸ್ಪಿನ್, ಅಂದ್ರೆ ಅದರೊಳಗಿನ ಪುಟ್ಟ ಅಯಸ್ಕಾಂತ, ಯಾವ ಕಡೆ ಮುಖ ಮಾಡಿದೆ, ಪಕ್ಕದ್ದು ಅದಕ್ಕೆ ಹೇಗೆ ಹೊಂದ್ಕೊಂಡಿದೆ ಅನ್ನೋದು ಅದರಲ್ಲಿ ಕಾಣಲ್ಲ. ನ್ಯೂಟ್ರಾನಿಗೆ ಚಾರ್ಜ್ ಇಲ್ಲ, ಹಂಗಾಗಿ ಹರಳಿನ ಆಳಕ್ಕೆ ಸಲೀಸಾಗಿ ಇಳಿಯುತ್ತೆ, ಜೊತೆಗೆ ಅದೇ ಒಂದು ಪುಟಾಣಿ ಅಯಸ್ಕಾಂತ ಬೇರೆ, ಅದಕ್ಕೇ ಸ್ಪಿನ್‌ಗಳಿಂದ ಚದುರಿ ಆಚೆ ಬರುವಾಗ ಅವುಗಳ ಜೋಡಣೆಯ ಗುರುತು ಹೊತ್ಕೊಂಡೇ ಬರುತ್ತೆ. ಅಷ್ಟೊಂದು ನ್ಯೂಟ್ರಾನ್ ಸಿಗೋದು ಮುಂಬೈನ ಟ್ರಾಂಬೆಯಲ್ಲಿರೋ 'ಧ್ರುವ', ಫ್ರಾನ್ಸಿನ ಗ್ರೆನೋಬಲ್‌ನಲ್ಲಿರೋ ಅಂಥ ರಿಯಾಕ್ಟರ್‌ಗಳಲ್ಲಿ, ಇಲ್ಲಾಂದ್ರೆ ದೊಡ್ಡ ಆಕ್ಸಲರೇಟರ್‌ಗಳಲ್ಲಿ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಹೋಲ್ಮಿಯಂ ಟೈಟನೇಟ್, ಅಂದ್ರೆ ಹೋಲ್ಮಿಯಂ ಅನ್ನೋ ಲೋಹ, ಟೈಟಾನಿಯಂ, ಆಕ್ಸಿಜನ್ ಸೇರಿದ ಹರಳು. ಇದನ್ನ ಮಾಡೋಕೆ ಬಳಸೋ ಹೋಲ್ಮಿಯಂ ಆಕ್ಸೈಡ್ ಪುಡಿ ಕಿಟಕಿ ಹತ್ರ ಹಿಡಿದ್ರೆ ತಿಳಿ ಹಳದಿ, ಅದೇ ಟ್ಯೂಬ್‌ಲೈಟ್ ಕೆಳಗೆ ತಂದ್ರೆ ಗುಲಾಬಿ, ಮೊದಲ ಸಲ ನೋಡಿದಾಗ ಡಬ್ಬಿ ಅದಲುಬದಲಾಯ್ತಾ ಅನ್ಸುತ್ತೆ. ಹರಳಿನೊಳಗೆ ನಾಲ್ಕು ನಾಲ್ಕು ಹೋಲ್ಮಿಯಂ ಮೂಲೆಗೊಂದರಂತೆ ಕೂತು ಒಂದು ಚತುರ್ಮುಖಿ (ನಾಲ್ಕು ತ್ರಿಕೋನ ಮುಖಗಳ ಆಕಾರ), ಚೆನ್ನಾಗಿ ತಣ್ಣಗೆ ಮಾಡಿದಾಗ, ಅಂದ್ರೆ ಮೈನಸ್ 272 ಡಿಗ್ರಿ ಆಸುಪಾಸಲ್ಲಿ, ಅದರ ಎರಡು ಸ್ಪಿನ್ ಚತುರ್ಮುಖಿಯ ಒಳಕ್ಕೆ ಮುಖ ಮಾಡುತ್ತೆ, ಎರಡು ಹೊರಕ್ಕೆ. ಯಾವ ಎರಡು ಅನ್ನೋದಕ್ಕೆ ಪ್ರತಿ ಚತುರ್ಮುಖಿಗೂ ಆರು ದಾರಿ ಇದೆ, ಹಂಗಾಗಿ ನಿಯಮ ಎಲ್ಲ ಕಡೆ ಇದ್ರೂ ಇಡೀ ಹರಳಲ್ಲಿ ಒಂದು ಕ್ರಮ ಅಂತ ಬರೋದೇ ಇಲ್ಲ. ನೀರಿನ ಮಂಜುಗಡ್ಡೆಯಲ್ಲಿ ಹೈಡ್ರೋಜನ್ ಕೂರೋದೂ ಹೀಗೇ, ಒಂದೊಂದು ಆಕ್ಸಿಜನ್‌ಗೆ ಎರಡು ಹತ್ತಿರ, ಎರಡು ದೂರ, ಅದಕ್ಕೇ ಇದಕ್ಕೆ ಸ್ಪಿನ್ ಐಸ್ ಅಂತ ಹೆಸರು. ಈ ನಿಯಮಕ್ಕೆ ನ್ಯೂಟ್ರಾನ್ ಚಿತ್ರದಲ್ಲಿ ಒಂದು ಗುರುತಿದೆ: ಚದುರಿದ ನ್ಯೂಟ್ರಾನ್‌ಗಳಿಂದ ಮೂಡಿದ, ಹರಡಿಕೊಂಡ ಹೊಳಪು ಕೆಲವು ಜಾಗದಲ್ಲಿ ಹಿಡಿದು ಹಿಂಡಿದ ಹಾಗೆ ಸಣ್ಣಗಾಗುತ್ತೆ. 2009ರಲ್ಲಿ ಅದನ್ನ ಈ ಹರಳಲ್ಲೇ, ಸ್ಪಿನ್ ಒಂದೇ ದಿಕ್ಕಿಗೆ ತಿರುಗಿಸಿದ ನ್ಯೂಟ್ರಾನ್ ಬಳಸಿ ಸ್ಪಷ್ಟವಾಗಿ ತೋರಿಸಿದ್ರು. ಆ ಚಿತ್ರ ಯಾವಾಗ ನೋಡಿದ್ರೂ ನನಗೆ ಖುಷಿ.

ಡಿಸ್ಪ್ರೋಸಿಯಂ ಟೈಟನೇಟೂ ಸ್ಪಿನ್ ಐಸೇ, ಆದ್ರೆ ಡಿಸ್ಪ್ರೋಸಿಯಂ ಹೋಲ್ಮಿಯಂಗಿಂತ ಸುಮಾರು 15 ಪಟ್ಟು ಜಾಸ್ತಿ ನ್ಯೂಟ್ರಾನ್ ನುಂಗುತ್ತೆ, ನುಂಗಿದ್ದು ಆಚೆ ಬಂದು ಚಿತ್ರ ಮೂಡಿಸಲ್ಲ, ಗ್ಯಾಡೋಲಿನಿಯಂ ಅಂತೂ ಕೇಳಲೇಬೇಡಿ, ಅದಕ್ಕೆ ಕಡಿಮೆ ನುಂಗೋ ಐಸೋಟೋಪ್, ಅಂದ್ರೆ ಅದೇ ಧಾತುವಿನ ಬೇರೆ ತೂಕದ ಪರಮಾಣು, ಹುಡುಕಿ ತರಬೇಕು.

ಹೋಲ್ಮಿಯಮ್ಮೂ ಸ್ವಲ್ಪ ನುಂಗುತ್ತೆ, ನುಂಗಿ ವಿಕಿರಣ ಬಿಡೋಕೆ ಶುರು ಮಾಡುತ್ತೆ, ಆ ಹೋಲ್ಮಿಯಂ-166 ಅರ್ಧಕ್ಕಿಳಿಯೋಕೆ ಸುಮಾರು 27 ಗಂಟೆ. ಹಂಗಾಗಿ ಪ್ರಯೋಗ ಮುಗಿದ ಮೇಲೂ ಹರಳನ್ನ ಜೇಬಿಗೆ ಹಾಕ್ಕೊಂಡು ಬರೋಕಾಗಲ್ಲ ಚಿಕ್ಕಪ್ಪ, ಮೀಟರ್ ಹಿಡಿದು ನೋಡಿ ಸರಿ ಅನ್ನೋವರೆಗೂ ಅದು ಅಲ್ಲೇ ಸೀಸದ ಗೂಡಲ್ಲಿ ಇರ್ಬೇಕು.